ಟೈಮ್ ಎಷ್ಟಾತ್ರಿ?

ಕೊಪ್ಪಳದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ. ಸರಾಸರಿ ಹಿಡಿದರೆ 12 ಗಂಟೆ 25 ನಿಮಿಷಕ್ಕೆ. ಅದೂ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ನವೆಂಬರ್ ಮೊದಲ ವಾರದಲ್ಲಿ 12.09ಕ್ಕೇ ನೆತ್ತಿ ಮುಟ್ಟುವ ಸೂರ್ಯ ಫೆಬ್ರುವರಿ ನಡುಮಧ್ಯದಲ್ಲಿ 12.39ರವರೆಗೂ ತಡಮಾಡುತ್ತಾನೆ. ನಾವು ಕೈಗೆ ಕಟ್ಟಿಕೊಂಡಿರುವ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ಉತ್ತರ ಪ್ರದೇಶದ ಮಿರ್ಜಾಪುರದ ಕಡೆಯದು. ನಾವಿರುವುದು 76 ಡಿಗ್ರಿ ಚಿಲ್ಲರೆಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ನೀವೇ ಹಾಕಿ ನೋಡಿ. ಹೊಲದಲ್ಲಿ ನೆರಳು ಕಾಲಡಿಗೆ ಬಂದಾಗ ರೊಟ್ಟಿ ಬುತ್ತಿ ಬಿಚ್ಚುವ ಹಿರಿಯರು ಊರಿನ ಸಮಯಕ್ಕೆ ನಿಷ್ಠರಾಗಿದ್ದಾರೆ, ಮೊಬೈಲ್ ನೋಡಿ ಉಣ್ಣುವ ನಾವು ಮಿರ್ಜಾಪುರದ ಸಮಯಕ್ಕೆ. ಇಬ್ಬರೂ ಸರಿಯೇ. ಯಾವ ಸಮಯ ಕೇಳಿದಿರಿ ಎಂಬುದರ ಮೇಲೆ ಉತ್ತರ ನಿಂತಿದೆ, ಅಲ್ಲವೇ?

ಇನ್ನೊಂದು ಸಮಯವೂ ನಮ್ಮೂರಲ್ಲಿ ಓಡಾಡಿಕೊಂಡಿತ್ತು. 1880ರ ದಶಕದಲ್ಲಿ ಗದಗ–ಹೊಸಪೇಟೆ ನಡುವೆ ಸದರ್ನ್ ಮರಾಠಾ ರೈಲ್ವೆಯ ಹಳಿ ಬಿದ್ದು ಕೊಪ್ಪಳಕ್ಕೆ ಗಾಡಿ ಬಂತಲ್ಲ, ಆಗಿನ ರೈಲಿನವರೆಲ್ಲ ಇಟ್ಟುಕೊಂಡಿದ್ದು ಮದ್ರಾಸ್ ಸಮಯ. ಗ್ರೀನಿಚ್‌ಗಿಂತ 5 ಗಂಟೆ 21 ನಿಮಿಷ 10 ಸೆಕೆಂಡು ಮುಂದೆ. ಎಂದರೆ ನಮ್ಮ ಬಿಸಿಲಿನ ಸಮಯಕ್ಕಿಂತ ಸುಮಾರು 16 ನಿಮಿಷ ಮುಂದೆ. ನೆರಳು ನೋಡಿಕೊಂಡು ಸ್ಟೇಷನ್ನಿಗೆ ಹೋದವನಿಗೆ ಗಾಡಿ ಸಿಗುವುದು ಕಷ್ಟವೇ ಇತ್ತು. 1906ರ ಜನವರಿ 1ರಿಂದ ದೇಶಕ್ಕೆ ಐದೂವರೆ ಗಂಟೆಯ ಲೆಕ್ಕ ಬಂತು. ಎರಡನೇ ಮಹಾಯುದ್ಧದ ಕಾಲದಲ್ಲಿ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸಿ ಆರೂವರೆ ಮಾಡಿದರು, 1945ರ ಅಕ್ಟೋಬರಿನಲ್ಲಿ ಮತ್ತೆ ಹಿಂದಕ್ಕೆ ತಂದರು.

ಇದೆಲ್ಲ ಯಾವುದೋ ಗೆಜೆಟಿಯರಿನಲ್ಲಿ ಧೂಳು ತಿನ್ನುತ್ತಿದೆ ಎಂದುಕೊಳ್ಳಬೇಡಿ. ನಿಮ್ಮ ಕಿಸೆಯಲ್ಲಿರುವ ಫೋನಿನಲ್ಲೇ ಇದೆ. ಜಗತ್ತಿನ ಊರೂರಿನ ಸಮಯದ ಇತಿಹಾಸವನ್ನು ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಕೂಡಿಸತೊಡಗಿದರು, ಆಮೇಲೆ ಪಾಲ್ ಎಗರ್ಟ್ ಎಂಬವರು ನೋಡಿಕೊಂಡು ಬಂದರು. ಅದರಲ್ಲಿ ನಮ್ಮ ದೇಶದ ಬಾಬತ್ತಿಗೆ 'ಏಷ್ಯಾ/ಕೋಲ್ಕತಾ' ಎಂಬ ಒಂದು ಕಡತ. ಅದನ್ನು ತೆರೆದರೆ ಮದ್ರಾಸ್ ಸಮಯವೂ ಇದೆ, ಯುದ್ಧದ ಆರೂವರೆಯೂ ಇದೆ. 1890ರ ಒಂದು ಕ್ಷಣ ಕೊಟ್ಟು ಆಗ ಎಷ್ಟು ಗಂಟೆ ಎಂದರೆ ಕಂಪ್ಯೂಟರು ಮದ್ರಾಸ್ ಲೆಕ್ಕದಲ್ಲೇ ಉತ್ತರ ಕೊಡುತ್ತದೆ. ಆಗಿನ ಕೊಪ್ಪಳ ಸ್ಟೇಷನ್ನಿಗೆ ಅದು ಸರಿ, ಊರ ಹೊಲಕ್ಕೆ ಸರಿಯಲ್ಲ. ಆದರೂ ಇಷ್ಟನ್ನೆಲ್ಲ ಕುಳಿತು ಜೋಡಿಸಿ ಪುಕ್ಕಟೆ ಹಂಚಿದರಲ್ಲ, ನನಗೆ ಅದೊಂದು ದೊಡ್ಡ ಕೆಲಸವೆಂದೇ ಅನ್ನಿಸುತ್ತದೆ.

ಸಮಯದ ಮಾತು ಯಾಕೆ ಬಂತೆಂದರೆ, ಒಂದು ತೂಕದ ಚೀಟಿಯಿಂದ.

ಗಂಗಾವತಿ ಸುತ್ತಲಿನ ಸುಗ್ಗಿ ನೀವು ನೋಡಿರಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಸೋನಾ ಮಸೂರಿ ಕಟಾವಾಗಿ, ಟ್ರ್ಯಾಕ್ಟರುಗಳು ಟ್ರೇಲರ್ ತುಂಬಿಕೊಂಡು ರೈಸ್ ಮಿಲ್ಲುಗಳ ಮುಂದೆ ಸಾಲುಗಟ್ಟುತ್ತವೆ. ಮಿಲ್ಲಿನ ಬಾಗಿಲಲ್ಲಿ ವೇಬ್ರಿಜ್. ತುಂಬಿದ ಗಾಡಿ ಹತ್ತಿದಾಗ ಒಮ್ಮೆ ತೂಗುತ್ತಾರೆ, ಹಮಾಲರು ಇಳಿಸಿದ ಮೇಲೆ ಖಾಲಿ ಗಾಡಿಯನ್ನು ಮತ್ತೊಮ್ಮೆ. ಎರಡನ್ನೂ ಕಳೆದರೆ ಭತ್ತ. ಚೀಟಿಯಲ್ಲಿ ಗಾಡಿ ನಂಬರು, ಗ್ರಾಸ್, ಟೇರ್, ನೆಟ್. ಕೆಳಗೆ ಬಂದ ಸಮಯ, ಹೋದ ಸಮಯ. ಆ ಸಮಯಕ್ಕೆ ಬೆಲೆ ಇಲ್ಲವೆಂದಲ್ಲ. ಮಧ್ಯಾಹ್ನ ರೇಟು ಇಳಿದರೆ ಮುಂಜಾನೆ ತೂಗಿದವನು ಆ ಚೀಟಿ ಹಿಡಿದೇ ಮುಂಜಾನೆಯ ರೇಟು ಕೇಳುತ್ತಾನೆ.

ಅಂಥ ಒಂದು ಮಿಲ್ಲಿನಲ್ಲಿ ಕಂಪ್ಯೂಟರು ತವುಡಿನ ಧೂಳಿಗೆ ಕೆಟ್ಟು ನಿಂತಿತು. ಅಂಗೈಯಗಲದ ಸಣ್ಣ ಬೋರ್ಡು ತಂದು ಅದರ ಜಾಗದಲ್ಲಿ ಕೂರಿಸಿದರು. ಕರೆಂಟು ಕಡಿಮೆ, ಫ್ಯಾನಿಲ್ಲ, ಧೂಳಿಗೆ ಬಾಯಿಲ್ಲ. ಹಳೆಯದರ ಪ್ರೊಸೆಸರು 64-ಬಿಟ್ ಇಂಟೆಲ್ ಜಾತಿಯದು, ಹೊಸದರದ್ದು 64-ಬಿಟ್ ಆರ್ಮ್. ಎರಡರಲ್ಲೂ ಲಿನಕ್ಸ್. ಚೀಟಿ ಛಾಪಿಸುವ ಸಿ ಭಾಷೆಯ ಪ್ರೋಗ್ರಾಮಿನ ಮೂಲ ಇತ್ತು, ಹೊಸ ಬೋರ್ಡಿನಲ್ಲಿ ಮತ್ತೆ ಕಂಪೈಲ್ ಮಾಡಿದರು. ತಕರಾರಿಲ್ಲದೆ ಆಯಿತು. ತೂಕವೂ ಕರಾರುವಾಕ್ಕು. ಮರುದಿನ ರೈತರೊಬ್ಬರು ಚೀಟಿ ಹಿಡಿದು ಒಳಗೆ ಬಂದರು: "ಸಾವ್ಕಾರ್ರ, ನಾ ಹುಟ್ಟಿದ್ದ ಎಂಬತ್ತೆರಡರಾಗ. ನನ್ನ ಭತ್ತ ಎಪ್ಪತ್ತರಾಗ ಹೆಂಗ ತೂಗಿದ್ರಿ?"

ಚೀಟಿ ನನ್ನ ಕೈಗೂ ಬಂತು. ಬಂದ ಸಮಯ 01-01-1970 05:29:59. ಹೋದ ಸಮಯವೂ 01-01-1970 05:29:59.

1970ರ ಜನವರಿ 1 ಎಲ್ಲಿಂದ ಬಂತು ಎಂಬುದು ಬಹಳ ಮಂದಿಗೆ ಗೊತ್ತು. ಯುನಿಕ್ಸ್ ವಂಶದ ಯಂತ್ರಗಳು ದಿನ-ತಿಂಗಳು ಇಟ್ಟುಕೊಳ್ಳುವುದಿಲ್ಲ. ಆ ದಿನ ಗ್ರೀನಿಚ್‌ನ ನಡುರಾತ್ರಿಯಿಂದ ಎಷ್ಟು ಸೆಕೆಂಡು ಕಳೆದವು ಎಂಬ ಒಂದೇ ಸಂಖ್ಯೆ. ಅಲ್ಲಿ ನಡುರಾತ್ರಿ ಎಂದರೆ ನಮ್ಮಲ್ಲಿ ಮುಂಜಾನೆ ಐದೂವರೆ. ಹಳೆಯ ಫೋನಿನ ಫೋಟೋ ಒಂದು 1970ರ ಮುಂಜಾನೆ 5.30ರದ್ದೆಂದು ತೋರಿಸಿದರೆ, ಅದರ ಹಿಂದೆ ಸೊನ್ನೆ ಕೂತಿದೆ ಎಂದು ತಿಳಿಯಬೇಕು. ಆದರೆ ಇಲ್ಲಿ 5.30 ಅಲ್ಲ, ಒಂದು ಸೆಕೆಂಡು ಕಡಿಮೆ. ಆ ಒಂದು ಸೆಕೆಂಡಿನಲ್ಲೇ ಪೂರಾ ಕಥೆ ಇದೆ. ಅದು ಸೊನ್ನೆಯಲ್ಲ, ಮೈನಸ್ ಒಂದು. ಸಮಯ ಕೇಳಿದ ಪ್ರೋಗ್ರಾಮಿಗೆ ಲಿನಕ್ಸ್‌ನ ತಿರುಳಾದ ಕರ್ನಲ್ 'ಆಗುವುದಿಲ್ಲ' ಎಂದಿದೆ. ಆ 'ಆಗುವುದಿಲ್ಲ'ವನ್ನೇ ಸಮಯವೆಂದು ತಿಳಿದು ಪ್ರೋಗ್ರಾಮು ಛಾಪಿಸಿದೆ. ವೇಬ್ರಿಜ್ಜಿನ ಕೋಣೆಯಲ್ಲಿ ಒಗ್ಗರಣಿ–ಮಿರ್ಚಿ ತಿನ್ನುತ್ತ ಕುಳಿತಿದ್ದ ಕಂಪ್ಯೂಟರಿನ ಹುಡುಗನಿಗೆ ಇದನ್ನು ಹೇಳಿದಾಗ ಅವನು ಕೈ ಒರೆಸಿಕೊಂಡು ಎದ್ದ. "ಯಾಕ ಆಗೂದಿಲ್ಲಂತೈತ್ರಿ ಸರ್ರ? ಟೈಮ್ ಅಷ್ಟ ಕೇಳೀವಲ್ರಿ."

ಕೇಳಿದ್ದು ಟೈಮೇ. ಆದರೆ ಕೇಳಿದ ರೀತಿ ನೋಡಿ. ಪ್ರೋಗ್ರಾಮು ಬರೆದವರು 'ಟೈಮ್' ಎಂದು ಹೆಸರು ಹಿಡಿದು ಕೇಳಿರಲಿಲ್ಲ. ಸೀದಾ ಕರ್ನಲ್ಲಿಗೆ '201' ಎಂದು ನಂಬರು ಒಗೆದಿದ್ದರು. 64-ಬಿಟ್ ಇಂಟೆಲ್‌ನ ಪಟ್ಟಿಯಲ್ಲಿ 201 ಎಂದರೆ ಸಮಯ ಕೇಳುವ ಸಿಸ್ಟಂ ಕಾಲ್, ಎಂದರೆ ಕರ್ನಲ್ಲಿಗೆ ಮಾಡುವ ಕರೆ. 64-ಬಿಟ್ ಆರ್ಮ್‌ನ ಪಟ್ಟಿಯಲ್ಲಿ 201 ಎಂದರೆ 'ಲಿಸನ್' — ನೆಟ್‌ವರ್ಕಿನಿಂದ ಯಾರಾದರೂ ಸಂಪರ್ಕಿಸುತ್ತಾರೋ ಎಂದು ಕಾಯಲು ಅಣಿಯಾಗುವ ಕರೆ. ಎಷ್ಟು ಗಂಟೆ ಎಂದು ಕೇಳಿದ್ದಕ್ಕೆ ಯಂತ್ರ ಕಿವಿ ನೆಟ್ಟಗೆ ಮಾಡಲು ಹೋಗಿದೆ. ಕಿವಿಗೊಡಬೇಕಾದ ಜಾಗದಲ್ಲಿ ಸಾಕೆಟ್ಟೇ ಇಲ್ಲವೆಂದು ಗೊತ್ತಾಗಿ ಮೈನಸ್ ಒಂದು ಕೊಟ್ಟಿದೆ. ಯಾರ ತಪ್ಪು ಹೇಳಿ? ಯಂತ್ರ ತನಗೆ ಹೇಳಿದ್ದನ್ನೇ ಮಾಡಿದೆ.

ಒಂದೇ ನಂಬರಿಗೆ ಎರಡು ಅರ್ಥ ಹೇಗೆ ಎನ್ನುತ್ತೀರಾ? ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತೆಗೆದುಕೊಳ್ಳಿ. ನಾಲ್ಕೂ ಕಡೆ ತಹಶೀಲ್ ಕಚೇರಿ ಇದೆ, ನಾಲ್ಕೂ ಕಡೆ ಪಹಣಿ ಕೊಡುತ್ತಾರೆ. ಆದರೆ ಪಹಣಿಯ ಕಿಟಕಿ ನಾಲ್ಕೂ ಕಡೆ ಒಂದೇ ಜಾಗದಲ್ಲಿ ಇರಬೇಕೆಂದು ಯಾರೂ ಬರೆದುಕೊಟ್ಟಿಲ್ಲ. ಒಂದೂರಿನ ಎಡಗಡೆ ಮೂರನೇ ಕಿಟಕಿಯನ್ನು ಗಟ್ಟಿಮಾಡಿಕೊಂಡವನು ಇನ್ನೊಂದೂರಿನ ಎಡಗಡೆ ಮೂರನೇ ಕಿಟಕಿಗೆ ಕೈ ಚಾಚಿದರೆ ಅಲ್ಲಿ ಜಾತಿ ಪ್ರಮಾಣಪತ್ರದ ಗುಮಾಸ್ತರು ಕುಳಿತಿರಬಹುದು. ಕಚೇರಿಯ ಹೊರಗೆ ಬೇವಿನ ಮರದಡಿ ಅರ್ಜಿ ಬರೆಯುವವರಿದ್ದಾರಲ್ಲ, ಅವರಿಗೆ "ಪಹಣಿ ಬೇಕಿತ್ರಿ" ಎಂದರೆ ಮುಗಿಯಿತು. ಆ ಊರಿನ ಕಿಟಕಿ ಯಾವುದು, ಯಾವ ಕಾಗದ ಹಚ್ಚಬೇಕು, ಎಲ್ಲ ಅವರಿಗೆ ಗೊತ್ತು. ಕಂಪ್ಯೂಟರಿನಲ್ಲಿ ಆ ಕೆಲಸ ಮಾಡುವುದು ಸಿ ಲೈಬ್ರರಿ. 'ಕ್ಲಾಕ್_ಗೆಟ್‌ಟೈಮ್' ಎಂಬ ಕರೆಗೆ 32-ಬಿಟ್ ಇಂಟೆಲ್‌ನಲ್ಲಿ 265, 64-ಬಿಟ್‌ನಲ್ಲಿ 228, 32-ಬಿಟ್ ಆರ್ಮ್‌ನಲ್ಲಿ 263, 64-ಬಿಟ್ ಆರ್ಮ್‌ನಲ್ಲಿ 113. ಇವನ್ನು ನೀವು ಬಾಯಿಪಾಠ ಮಾಡಬೇಕಿಲ್ಲ. ಹೆಸರು ಹೇಳಿ, ನಂಬರನ್ನು ಲೈಬ್ರರಿ ಹುಡುಕಿಕೊಳ್ಳುತ್ತದೆ.

ಅಂದಹಾಗೆ ಆರ್ಮ್ 64-ಬಿಟ್‌ನಲ್ಲಿ ಆ ಹಳೆಯ 'ಟೈಮ್' ಕರೆಗೆ ಯಾವ ನಂಬರು ಎಂದು ಕೇಳುತ್ತೀರಾ? ನಂಬರೇ ಇಲ್ಲ. 2012ರ ಕೊನೆಗೆ ಲಿನಕ್ಸ್ 3.7ರಲ್ಲಿ ಆ ಪ್ರೊಸೆಸರಿಗೆ ಜಾಗ ಮಾಡಿಕೊಟ್ಟಾಗ ಹಳೆಯ ಕರೆಗಳನ್ನೆಲ್ಲ ಹೊತ್ತು ತರಲಿಲ್ಲ. 'ಕ್ಲಾಕ್_ಗೆಟ್‌ಟೈಮ್' ಇದ್ದ ಮೇಲೆ 'ಟೈಮ್' ಕರ್ನಲ್ಲಿನಲ್ಲಿ ಬೇರೆ ಏಕೆ? ಆದರೂ ನಿಮ್ಮ ಪ್ರೋಗ್ರಾಮಿನಲ್ಲಿ 'ಟೈಮ್' ಎಂದು ಬರೆದರೆ ಅದು ನಡೆಯುತ್ತದೆ, ಯಾಕೆಂದರೆ ಅದನ್ನು ನಡೆಸುವುದು ಲೈಬ್ರರಿ. ಹುಡುಗ ಆ ಒಂದು ಸಾಲು ತಿದ್ದಿದ. ಚೀಟಿಯಲ್ಲಿ ಆ ದಿನದ ತಾರೀಕು ಬಂತು. ರೈತರು ಇನ್ನೂ ಅಲ್ಲೇ ಇದ್ದರು, ಚಾ ಕುಡಿಯುತ್ತ.

ಆ ಲೈಬ್ರರಿ ಇನ್ನೊಂದು ಚಂದದ ಕೆಲಸ ಮಾಡುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಪ್ರತಿ ಸಲ ಸಮಯ ಕೇಳಲು ಕರ್ನಲ್ಲಿನ ತನಕ ಹೋಗಿಬಂದರೆ ತಡವಾಗುತ್ತದೆ. ಕೆಲವು ಪ್ರೋಗ್ರಾಮುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಸಮಯ ಕೇಳುತ್ತವೆ. ಅದಕ್ಕೆ ಕರ್ನಲ್ ತನ್ನ ಒಂದು ತುಣುಕನ್ನು ಪ್ರತಿ ಪ್ರೋಗ್ರಾಮಿನ ಪಕ್ಕದಲ್ಲೇ ಇಟ್ಟಿರುತ್ತದೆ. ವಿಡಿಎಸ್ಒ ಎನ್ನುತ್ತಾರೆ. ಕೇಳಿದ ತಕ್ಷಣ ಆ ತುಣುಕು ಪ್ರೊಸೆಸರಿನ ಒಳಗಿನ ಎಣಿಕೆಯನ್ನು ಓದಿ, ಗುಣಿಸಿ, ಕೂಡಿಸಿ ಅಲ್ಲೇ ಉತ್ತರ ಕೊಟ್ಟುಬಿಡುತ್ತದೆ. ಆ ಎಣಿಕೆ ಇಂಟೆಲ್‌ನಲ್ಲಿ ಟಿಎಸ್‌ಸಿ, ಆರ್ಮ್‌ನಲ್ಲಿ ಜೆನೆರಿಕ್ ಟೈಮರ್, ಪವರ್‌ಪಿಸಿಯಲ್ಲಿ ಟೈಮ್‌ಬೇಸ್, ರಿಸ್ಕ್-ವಿಯಲ್ಲಿ ಆರ್‌ಡಿಟೈಮ್ ಎಂಬ ಆದೇಶ. ಎಲ್ಲವೂ ಎಣಿಸುತ್ತವೆ, ಆದರೆ ಎಣಿಸುವ ವೇಗ ಬೇರೆ, ಓದುವ ರೀತಿ ಬೇರೆ. ವೇಗದ ಆಸೆಗೆ ಸೀದಾ ಟಿಎಸ್‌ಸಿಯನ್ನೇ ಓದುವ ಪ್ರೋಗ್ರಾಮು ಬರೆದವರು ಇದ್ದಾರೆ. ಹಳೆಯ ಇಂಟೆಲ್ ಚಿಪ್ಪುಗಳಲ್ಲಿ ಪ್ರೊಸೆಸರು ನಿಧಾನವಾದರೆ ಆ ಎಣಿಕೆಯೂ ನಿಧಾನವಾಗುತ್ತಿತ್ತು. ಆರ್ಮ್‌ಗೆ ಬಂದರಂತೂ ಆ ಆದೇಶವೇ ಇಲ್ಲ. ಹೆಸರು ಹಿಡಿದು ಕೇಳಿದ್ದರೆ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ, ನಾಲ್ಕೂ ಕಡೆ ಸರಿಯಾದ ಉತ್ತರ ಸಿಗುತ್ತಿತ್ತು.

ಚೀಟಿ ಸರಿಯಾಯಿತು ಎಂದೆನಲ್ಲ, ಪೂರ್ತಿ ಆಗಿರಲಿಲ್ಲ. ಎರಡು ದಿನ ಕಳೆದು ಹುಡುಗನ ಫೋನು: "ಸರ್ರ, ಗಾಡಿ ಹತ್ತೂದ್ಕಿಂತ ಮೊದಲ ಇಳದಂಗ ತೋರ್ಸಾಕ್ಹತ್ತೈತ್ರಿ." ಬೋರ್ಡಿಗೆ ತನ್ನದೇ ಬ್ಯಾಟರಿ ಗಡಿಯಾರ ಇರಲಿಲ್ಲ. ಕರೆಂಟು ಹೋಗಿ ಬಂದರೆ ಕಳೆದ ಸಲ ಉಳಿಸಿಟ್ಟ ಸಮಯದಿಂದ ಅದು ಮುಂದುವರಿಯುತ್ತದೆ. ಇಂಟರ್‌ನೆಟ್ಟು ಸಿಕ್ಕ ಮೇಲೆ ಸರಿಯಾದ ಸಮಯಕ್ಕೆ ಜಿಗಿಯುತ್ತದೆ. ಬಂದ ಸಮಯ, ಹೋದ ಸಮಯ ಎರಡರ ನಡುವೆ ಗಡಿಯಾರವನ್ನು ತಿದ್ದಿದರೆ ಲೆಕ್ಕ ಏರುಪೇರು. ನಡುವೆ ಎಷ್ಟು ಹೊತ್ತು ಹಿಡಿಯಿತು ಎಂಬ ಲೆಕ್ಕಕ್ಕೆ ಗೋಡೆ ಗಡಿಯಾರದ ಸಮಯವನ್ನು ನಂಬಬಾರದು. 'ಕ್ಲಾಕ್_ಮೊನೊಟೋನಿಕ್' ಎಂದು ಇನ್ನೊಂದು ಲೆಕ್ಕವಿದೆ. ಯಂತ್ರ ಎದ್ದಾಗಿನಿಂದ ಎಷ್ಟು ಹೊತ್ತಾಯಿತು ಎಂಬುದಷ್ಟೇ ಅದರ ಮಾತು. ಇವತ್ತು ಯಾವ ತಾರೀಕು ಎಂದು ಅದಕ್ಕೆ ಗೊತ್ತಿಲ್ಲ, ಯಂತ್ರ ಆರದಿರುವ ತನಕ ಹಿಂದಕ್ಕೆ ಮಾತ್ರ ಹೋಗುವುದಿಲ್ಲ; ಆರಿ ಎದ್ದರೆ ಮತ್ತೆ ಮೊದಲಿನಿಂದ ಎಣಿಕೆ.

ಇಂಥ ಲೆಕ್ಕ ಕೊಪ್ಪಳಕ್ಕೆ ಹೊಸದೇನಲ್ಲ. ಗವಿಮಠದ ಗುಡ್ಡದ ಮೇಲೆ, ಹತ್ತಿರದ ಪಾಲ್ಕಿಗುಂಡಿನ ಮೇಲೆ ಅಶೋಕನ ಕಿರು ಶಾಸನಗಳಿವೆ; 1931ರಲ್ಲಿ ಬೆಳಕಿಗೆ ಬಂದವು. ಅವುಗಳಲ್ಲಿ ಅರಸ ಯಾವ ಶಕದ ಹೆಸರೂ ಎತ್ತುವುದಿಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷದ ಮೇಲಾಯಿತು, ಅದರಲ್ಲಿ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ, ಸಂಘದ ಬಳಿ ಬಂದು ಒಂದು ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂಬ ಧಾಟಿ. ತನ್ನ ಬಾಳಿನ ಒಂದು ಘಟನೆಯಿಂದ ಎಣಿಕೆ. ಅದು ಕ್ರಿ.ಪೂ. ಎಷ್ಟನೇ ವರ್ಷ ಎಂದು ಆ ಮಾತಿನಿಂದ ತಿಳಿಯುವುದಿಲ್ಲ. ಎಷ್ಟು ಕಾಲ ಕಳೆಯಿತು ಎಂದು ಮಾತ್ರ ಖಚಿತ. ಇದೇ ಕಿರು ಶಾಸನದ ಬ್ರಹ್ಮಗಿರಿ ಪಾಠದಲ್ಲಿ 256 ಎಂಬ ಅಂಕಿಯೂ ಇದೆ. ಪ್ರವಾಸದಲ್ಲಿ ಕಳೆದ ರಾತ್ರಿಗಳ ಸಂಖ್ಯೆ ಎಂದು ವಿದ್ವಾಂಸರು ಓದಿದ್ದಾರೆ. ಒಂದು ಬೈಟಿನಲ್ಲಿ ಹಿಡಿಸುವ ಬೇರೆಬೇರೆ ಬೆಲೆಗಳು 256 ಎಂದು ದಿನಾ ಪಾಠ ಹೇಳುವ ನನಗೆ ಆ ಅಂಕಿ ಕಂಡಾಗ ಆದ ಸಂತೋಷ ಬೇರೆ. ಎರಡಕ್ಕೂ ಏನೇನೂ ಸಂಬಂಧವಿಲ್ಲ, ಸಂತೋಷಕ್ಕೆ ಸಂಬಂಧ ಬೇಕೆಂದಿದೆಯೇ?

ಶಾಸನದ ಮಾತೆತ್ತಿದ ಮೇಲೆ ಇಟಗಿಗೆ ಹೋಗದಿರುವುದು ಹೇಗೆ? ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿತ್ತು, ಈಗ ಕುಕನೂರಿಗೆ ಸೇರಿದೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ. 'ದೇವಾಲಯ ಚಕ್ರವರ್ತಿ' ಎಂದು ಶಾಸನದಲ್ಲೇ ಹೊಗಳಿಸಿಕೊಂಡದ್ದು. ಆ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನೇ ಶಾಲಿವಾಹನ ಶಕವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷ ಸುರುಮಾಡಿದ. ಆ ಲೆಕ್ಕಕ್ಕೆ ಇಟಗಿ ಗುಡಿ 37ನೆಯ ವರ್ಷದ್ದು. ಶಾಲಿವಾಹನ ಲೆಕ್ಕಕ್ಕೆ 1034, ಸಂವತ್ಸರ ನಂದನ. ಒಂದೇ ಗುಡಿ, ಒಂದೇ ವರ್ಷ, ಎಣಿಕೆಯ ಮೊದಲು ಎಲ್ಲಿ ಎಂಬುದಷ್ಟೇ ಬೇರೆ. ಕಂಪ್ಯೂಟರುಗಳೂ ಹೀಗೆಯೇ. ಯುನಿಕ್ಸ್ 1970 ಎಂದಿತು. ವಿಂಡೋಸ್‌ನ ಕಡತಗಳ ಲೆಕ್ಕ 1601ರಿಂದ, ಹಳೆಯ ಮ್ಯಾಕಿಂಟೋಷ್‌ನದು 1904ರಿಂದ, ಐಬಿಎಂನ ದೊಡ್ಡ ಯಂತ್ರಗಳ ಗಡಿಯಾರ 1900ರಿಂದ. ಯುನಿಕ್ಸ್ ಕೂಡ ಹುಟ್ಟಿದಾಗ ಹೀಗಿರಲಿಲ್ಲ. 1971ರ ಮೊದಲ ಕೈಪಿಡಿಯಲ್ಲಿ ಎಣಿಕೆ ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ, 1971ರ ಜನವರಿಯಿಂದ. ಅಷ್ಟು ಸಣ್ಣ ತುಣುಕಿನಲ್ಲಿ ಎಣಿಸಿದರೆ 32 ಬಿಟ್ಟು ಎಷ್ಟು ದಿನ ಬಾಳೀತು? ಎರಡು ವರ್ಷ ಮೂರು ತಿಂಗಳು. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್, ಡೆನಿಸ್ ರಿಚೀ ಮತ್ತವರ ಗೆಳೆಯರು ಆಮೇಲೆ ಸೆಕೆಂಡಿಗೆ ಇಳಿದರು.

ನಮ್ಮ ಕಡೆ ರಾಜರ ಶಕಗಳು ಹೋದ ಮೇಲೂ ಲೆಕ್ಕ ಒಂದಾಗಲಿಲ್ಲ. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಾಗೀರಾಗಿ, ಈ ಸೀಮೆಯೆಲ್ಲ 1948ರವರೆಗೆ ನಿಜಾಮರ ಹೈದರಾಬಾದಿನೊಳಗೆ ಇತ್ತು. ಆ ಕಾಲದ ಜಮೀನಿನ ಕಾಗದ ಮನೆಯಲ್ಲಿದ್ದರೆ ತೆಗೆದು ನೋಡಿ: ಫಸಲಿ ಸನ್, ತಿಂಗಳು ಅಜೂರ್, ದೈ, ಬಹಮನ್. 1357 ಫಸಲಿ ಎಂದರೆ 1947–48. 590 ಕೂಡಿಸಿದರೆ ನಮ್ಮ ಇಸವಿ ಸಿಗುತ್ತದೆ. ಉತ್ತರ ಹಿಂದೂಸ್ಥಾನದ ಫಸಲಿಗೆ ಅದೇ 590 ಕೂಡಿಸಿದಿರೋ ಎರಡು ವರ್ಷದ ಮೇಲೆ ತಪ್ಪುತ್ತದೆ! ಅಕ್ಬರನ ಕಾಲದಲ್ಲಿ ಅಲ್ಲಿ ಹಿಜರಿಯ ಅಂಕಿ ಹಿಡಿದು ಸೌರ ವರ್ಷದಲ್ಲಿ ಎಣಿಸಹೊರಟರು. ದಖ್ಖನ್ನಿನಲ್ಲಿ ಶಹಜಹಾನನ ಕಾಲಕ್ಕೆ, 1630ರ ದಶಕದಲ್ಲಿ, ಆಗಿನ ಹಿಜರಿಯ ಅಂಕಿ ಹಿಡಿದು ಸುರುಮಾಡಿದರು. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು. ಅಷ್ಟು ವರ್ಷಗಳಲ್ಲಿ ಅದು ಮುಂದೋಡಿಬಿಟ್ಟಿತ್ತು. ಹೆಸರು ಒಂದೇ, ಬೆಲೆ ಬೇರೆ. ಇದನ್ನು ತಿಳಿಯದೆ ವಕೀಲರ ಮುಂದೆ ಕುಳಿತರೆ ಹೊಲದ ವ್ಯಾಜ್ಯವೇ ತಿರುಗಿ ನಿಲ್ಲಬಹುದು. ಸಿ ಭಾಷೆಯಲ್ಲಿ ಸಮಯದ ಸಂಖ್ಯೆಯನ್ನು ಹಿಡಿದಿಡುವ 'ಟೈಮ್_ಟಿ'ಯ ಹಣೆಬರಹವೂ ಇದೇ. ಹೆಸರು ಎಲ್ಲ ಯಂತ್ರಗಳಲ್ಲೂ ಟೈಮ್_ಟಿ. ಒಂದರಲ್ಲಿ ನಾಲ್ಕು ಬೈಟು, ಇನ್ನೊಂದರಲ್ಲಿ ಎಂಟು. ನಾಲ್ಕು ಬೈಟಿನವನು ಬರೆದ ಕಡತವನ್ನು ಎಂಟು ಬೈಟಿನವನು ಓದಿದರೆ ಎರಡು ಗಾಡಿಗಳ ಸಮಯ ಅಂಟಿಕೊಂಡು ಒಂದಾಗುತ್ತದೆ.

ಎಣಿಕೆ ಸುತ್ತು ಹೊಡೆದು ಮೊದಲಿಗೆ ಬರುವುದು ನಮಗೆ ಅಪರಿಚಿತವಲ್ಲ. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ ಮುಗಿದರೆ ಮತ್ತೆ ಪ್ರಭವ. 1987ರಲ್ಲಿ ಬಂದದ್ದು 2047ರಲ್ಲಿ ಮತ್ತೆ ಬರುತ್ತದೆ. ಅದಕ್ಕೇ ಶಾಸನ ಬರೆಸಿದವರು ಸಂವತ್ಸರದ ಹೆಸರೊಂದನ್ನೇ ನೆಚ್ಚಲಿಲ್ಲ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲ ಸೇರಿಸಿ ಕೊರೆಸಿದರು. ಒಂದು ಸವೆದರೆ ಇನ್ನೊಂದು ಹೇಳುತ್ತದೆ, ಒಂದು ತಪ್ಪಿದರೆ ಇನ್ನೊಂದು ಹಿಡಿದುಕೊಡುತ್ತದೆ. ಫ್ಲೀಟ್‌ರಂಥ ವಿದ್ವಾಂಸರು ನಮ್ಮ ಶಾಸನಗಳ ಕಾಲ ತಾಳೆ ನೋಡಿದ್ದು ಹೀಗೆಯೇ.

ನಾಲ್ಕು ಬೈಟಿನ ಎಣಿಕೆಗೆ ಅಂಥ ಜೊತೆಗಾರರಿಲ್ಲ. ಅದು 214,74,83,647ರವರೆಗೆ ಎಣಿಸಿ, ಮುಂದಿನ ಸೆಕೆಂಡಿಗೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಮೈನಸ್ಸಿಗೆ ಬೀಳುತ್ತದೆ. ಆ ಗಳಿಗೆ 2038ರ ಜನವರಿ 19, ಮಂಗಳವಾರ, ನಮ್ಮ ಗಡಿಯಾರದಲ್ಲಿ ಮುಂಜಾನೆ 8 ಗಂಟೆ 44 ನಿಮಿಷ 7 ಸೆಕೆಂಡು. ಸಂವತ್ಸರ ಪಿಂಗಳ. ಆ ಮೈನಸ್ ಸಂಖ್ಯೆಯನ್ನು ತಾರೀಕು ಮಾಡಿ ತೋರಿಸು ಎಂದು ಹುಡುಗನ ಲ್ಯಾಪ್‌ಟಾಪಿಗೆ ಕೇಳಿದೆವು. 1901ರ ಡಿಸೆಂಬರ್ 14, ಶನಿವಾರ, ನಡುರಾತ್ರಿ ಕಳೆದು 2 ಗಂಟೆ 7 ನಿಮಿಷ 2 ಸೆಕೆಂಡು ಎಂದಿತು. ಐದೂವರೆ ಗಂಟೆ ಕೂಡಿಸಿದರೆ 2.15 ಆಗಬೇಕಿತ್ತಲ್ಲ ಎಂದು ಹುಡುಗ ಬೆರಳು ಮಡಚಿದ. 1901ರಲ್ಲಿ ಐದೂವರೆ ಎಲ್ಲಿತ್ತು? 'ಏಷ್ಯಾ/ಕೋಲ್ಕತಾ' ಕಡತ ಮದ್ರಾಸ್ ಸಮಯ ಕೊಟ್ಟಿತ್ತು. ಅವನಿಗೆ ಅಲ್ಲಿಂದ ರೈಲಿನ ಕಥೆಯನ್ನೆಲ್ಲ ಹೇಳಬೇಕಾಯಿತು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ಗಾಡಿ ಬಂದಾಗ ನೋಡಲು ಹೋದವನು ಅವನು, ಕಿವಿಯಾಗಿ ಕೇಳಿದ.

2038ರ ಈ ಗಂಡಾಂತರವನ್ನು ತಪ್ಪಿಸಲು ದುಡಿದವರನ್ನು ನೆನೆಯದೆ ಮುಂದೆ ಹೋಗಲಾರೆ. ಲಿನಕ್ಸ್‌ನಲ್ಲಿ ಆರ್ಂಡ್ ಬರ್ಗ್‌ಮನ್, ದೀಪಾ ದಿನಮಣಿ ಮೊದಲಾದವರು ವರ್ಷಾನುಗಟ್ಟಲೆ ಕುಳಿತು, ಸಮಯ ಮುಟ್ಟುವ ಒಂದೊಂದೇ ಕರೆಯನ್ನು ಹುಡುಕಿ ಅಗಲ ಮಾಡಿದರು. 2019ರಲ್ಲಿ ಬಂದ ಲಿನಕ್ಸ್ 5.1ರಲ್ಲಿ 32-ಬಿಟ್ ಯಂತ್ರಗಳಿಗೂ 64-ಬಿಟ್ ಸಮಯದ ಹೊಸ ಕರೆಗಳು ಸಿಕ್ಕವು. ಮತ್ತೂ ಒಂದು ಚಂದ: ಆ ಹೊಸ ಕರೆಗಳಿಗೆ ಎಲ್ಲ 32-ಬಿಟ್ ಪ್ರೊಸೆಸರುಗಳಲ್ಲೂ ಒಂದೇ ನಂಬರು. 'ಕ್ಲಾಕ್_ಗೆಟ್‌ಟೈಮ್64' ಎಲ್ಲ ಕಡೆ 403! 2020ರ 5.6ಕ್ಕೆ ಕರ್ನಲ್ಲಿನ ಕೆಲಸ ಬಹುತೇಕ ಮುಗಿಯಿತು. ಹೊಸದಾಗಿ ಬಂದ 32-ಬಿಟ್ ರಿಸ್ಕ್-ವಿಗೆ ಹಳೆಯ ಕಿರಿದಾದ ಕರೆಗಳನ್ನು ಕೊಡಲೇ ಇಲ್ಲ. 2014ರಲ್ಲೇ ಓಪನ್‌ಬಿಎಸ್‌ಡಿಯವರು ಹಳೆಯದರ ಹಂಗು ಹರಿದು ಎಲ್ಲ ಯಂತ್ರಗಳಲ್ಲೂ ಟೈಮ್_ಟಿಯನ್ನು ಎಂಟು ಬೈಟು ಮಾಡಿಬಿಟ್ಟಿದ್ದರು. ಡೆಬಿಯನ್‌ನವರು 2025ರ ತಮ್ಮ 13ನೇ ಆವೃತ್ತಿಗೆ 32-ಬಿಟ್ ಆರ್ಮ್‌ನ ಸಾವಿರಾರು ಪ್ಯಾಕೇಜುಗಳನ್ನು ಮತ್ತೆ ಕಟ್ಟಿದರು. 32-ಬಿಟ್ ಇಂಟೆಲ್ ಒಂದನ್ನು ಹಾಗೇ ಬಿಟ್ಟರು. ಹಳೆಯ ಪ್ರೋಗ್ರಾಮುಗಳನ್ನು ನಡೆಸುವುದೇ ಅದರ ಉಳಿದ ಕೆಲಸ, ಮುಟ್ಟಿದರೆ ಅವೇ ನಿಲ್ಲುತ್ತವೆ ಎಂಬ ವಿಚಾರಕ್ಕೆ.

ಎಂಟು ಬೈಟು ಎಷ್ಟು ದಿನ ಬಂದೀತು? ಶಾಸನಗಳಲ್ಲಿ ದಾನ ಎಷ್ಟು ಕಾಲ ನಡೆಯಬೇಕೆಂದರೆ 'ಆಚಂದ್ರಾರ್ಕ' ಎನ್ನುತ್ತಾರಲ್ಲ, ಸೂರ್ಯಚಂದ್ರರು ಇರುವವರೆಗೆ? ಸೂರ್ಯನಿಗೆ ಉಳಿದಿರುವ ಆಯುಷ್ಯ ಸುಮಾರು 500 ಕೋಟಿ ವರ್ಷ. 64-ಬಿಟ್ ಸೆಕೆಂಡುಗಳ ಎಣಿಕೆ 29,000 ಕೋಟಿ ವರ್ಷಗಳ ಆಚೆಗೂ ಹೋಗುತ್ತದೆ. ಇಟಗಿಯ ಮಹಾದೇವ ದಂಡನಾಯಕ ಕೇಳಿದ್ದರೆ ಒಪ್ಪಿಕೊಳ್ಳುತ್ತಿದ್ದ ಎಂದು ನನ್ನ ನಂಬಿಕೆ.

2038ರ ಜನವರಿ ಎಂದೆನಲ್ಲ, ಪಂಚಾಂಗದ ಲೆಕ್ಕವನ್ನೂ ಹಾಕಿ ನೋಡಿದೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಗೆ. ಆ ವರ್ಷ ಪುಷ್ಯ ಹುಣ್ಣಿಮೆ ಜನವರಿ 21ರ ಮುಂಜಾನೆ ಮುಗಿಯುತ್ತದೆ. ಬಿದಿಗೆ 22ಕ್ಕೋ 23ಕ್ಕೋ. ಎಂದರೆ ಆ ಮಂಗಳವಾರ ಮುಂಜಾನೆ 8.44ಕ್ಕೆ ಕೊಪ್ಪಳ ಜಾತ್ರೆಯ ಗದ್ದಲದಲ್ಲಿರುತ್ತದೆ. ಸುತ್ತಲಿನ ಹಳ್ಳಿಗಳಿಂದ ಮಹಾದಾಸೋಹಕ್ಕೆ ಜೋಳದ ರೊಟ್ಟಿ ಕಟ್ಟಿಕೊಂಡು ಟ್ರ್ಯಾಕ್ಟರುಗಳು ಬರುತ್ತಿರುತ್ತವೆ. ರೊಟ್ಟಿ ತಟ್ಟುವವರಿಗೆ ಟೈಮ್_ಟಿ ಬೇಕಿಲ್ಲ. ಆದರೆ ಹೆಚ್ಚಿನ ಬಸ್ಸು ಬಿಡುವವರಿಗೆ, ಕರೆಂಟು ಹಂಚುವವರಿಗೆ, ಕುಡಿಯುವ ನೀರಿನ ಪಂಪು ನಡೆಸುವ ಪೆಟ್ಟಿಗೆಗಳಿಗೆ ಬೇಕು. ಇಂದು ಕೂರಿಸಿದ ಇಂಥ ಪೆಟ್ಟಿಗೆ ಹನ್ನೆರಡು ವರ್ಷ ಬಾಳುವುದು ಹೆಚ್ಚೇನಲ್ಲ. ನಮ್ಮ ಕಡೆ ಯಂತ್ರವನ್ನು ಅದು ಸಾಯುವವರೆಗೂ ದುಡಿಸುತ್ತೇವೆ. ಅದಕ್ಕೇ ಈಗ ಕೊಳ್ಳುವಾಗಲೇ ಕೇಳಬೇಕು, ಇದರ ಸಮಯ ಎಷ್ಟು ಬೈಟಿನದು ಎಂದು.

ಮಿಲ್ಲಿನಲ್ಲಿ ಈಗ ಉಳಿದಿರುವುದು ಅದೇ ಕೆಲಸ. ಬೋರ್ಡು 64-ಬಿಟ್ಟಿನದು, ಕರೆ ಸರಿಯಾಗಿದೆ, ಆದರೆ ಚೀಟಿಗಳ ಹಳೆಯ ಕಡತದಲ್ಲಿ ಸಮಯಕ್ಕೆ ನಾಲ್ಕೇ ಬೈಟು ಇಟ್ಟಿದ್ದಾರೆ. ಹುಡುಗ ಒಂದು ಉಪಾಯ ಹೇಳಿದ. "ಮೈನಸ್ ತಗದು ಬರೇ ಪ್ಲಸ್ ಓದಿದ್ರ 2106ರ ತನಕಾ ಬರ್ತೈತ್ರಿ ಸರ್ರ. ಕಡತ ಮುಟ್ಟೂದ ಬ್ಯಾಡ." ಲೆಕ್ಕ ಸರಿ, 2106ರ ಫೆಬ್ರುವರಿ 7ರವರೆಗೆ ಬರುತ್ತದೆ. "ಹೌದು ತಮ್ಮಾ, ಆದ್ರ ಟೈಮ್ ಸಿಗಲಿಲ್ಲಂದ್ರ ಬರೂ ಮೈನಸ್ ಒಂದನ್ನ ಎಲ್ಲಿಡ್ತಿ? 5.29.59 ಅಂತ ಬಂದಿದ್ದಕ್ಕ ನಮಗ ಗೊತ್ತಾತು. ಇನ್ನ ಮ್ಯಾಲ ಅದ ಚೀಟಿ 2106ರದ್ದಾಗಿ ಬರ್ತೈತಿ." ಅವನು ತುಸು ಹೊತ್ತು ಯೋಚಿಸಿ ಎಂಟು ಬೈಟಿಗೇ ಒಪ್ಪಿದ. ಸಾವ್ಕಾರರ ಚಿಂತೆ ಬೇರೆ: "ಹಳೇ ಚೀಟಿ ಓದ್ತಾವಿಲ್ರಿ? ಮೂರು ವರ್ಷದ ಲೆಕ್ಕ ಐತಿ ಅದ್ರಾಗ." ಓದಬೇಕು. ಕಡತದ ತಲೆಯಲ್ಲಿ ಇದು ಹೊಸ ಅಳತೆಯದು ಎಂಬ ಗುರುತು ಹಾಕಿ, ಗುರುತಿಲ್ಲದ್ದನ್ನು ನಾಲ್ಕು ಬೈಟಿನಂತೆ, ಇದ್ದದ್ದನ್ನು ಎಂಟರಂತೆ ಓದುವ ಹಾಗೆ ಬರೆಯಬೇಕು. ಬೈಟುಗಳ ಎಡ-ಬಲ ಕ್ರಮವನ್ನೂ ನಾವೇ ಗೊತ್ತುಮಾಡಿ ಬರೆದಿಟ್ಟರೆ ನಾಳೆ ಯಾವ ಪ್ರೊಸೆಸರು ಬಂದರೂ ಕಡತ ಓದಲು ಬರುತ್ತದೆ. ಸದ್ಯ ಕಟಾವಿನ ಗಾಡಿಗಳು ರಾತ್ರಿ ಹತ್ತರವರೆಗೂ ಹತ್ತಿ ಇಳಿಯುತ್ತಿವೆ, ವೇಬ್ರಿಜ್ ಬಿಡುವಿಲ್ಲ. ಸಾಲು ಕರಗಿದ ಮೇಲೆ ಒಂದು ಅಮಾವಾಸ್ಯೆ ದಿನ, ಹಮಾಲರಿಗೆ ರಜೆ ಇದ್ದಾಗ, ಕೂಡೋಣ ಎಂದು ಮಾತಾಗಿದೆ.